ಪ್ಲಾಸ್ಟಿಕ್ಕಿಗೆ ಪೂಜೆ

ಮದುವೆಯಾದ ಗಂಡಸು ಹೆಂಡತಿಯ ಮಾತು ಕೇಳದೆ ಎರಡು ವಸ್ತು ಕೊಳ್ಳಬಾರದು: ಸೀರೆ ಮತ್ತು ಜನರೇಟರ್. ಸೀರೆಯ ಪಾಠ ನನಗೆ ಮದುವೆಯಾದ ವರ್ಷವೇ ಆಗಿತ್ತು. ಜನರೇಟರಿನ ಪಾಠ ಈ ಬೇಸಿಗೆಯಲ್ಲಿ ಆಯಿತು.

ಹಳೆಯ ಟೆಂಪೊ ಟ್ರಾವೆಲರ್ ಒಂದರ ಸೀಟು ಕಿತ್ತು, ಮಂಚ ಹಾಕಿಸಿ, ಎಸಿ ಕೂರಿಸಿ ಪುಷ್ಪಕ ವಿಮಾನ ಮಾಡಿಕೊಂಡಿದ್ದೆ. (ನನ್ನ ಹೆಂಡತಿ ನೀಲಾಂಬಿಕ ಅದನ್ನು 'ನಿಮ್ಮ ಡಬ್ಬ' ಅನ್ನುತ್ತಾಳೆ.) ಎಲ್ಲ ಅಮ್ಮನಿಗಾಗಿ. ಸೆಕೆ ತಡೆಯದ ಅಮ್ಮ ಕುಪ್ಪಗಡ್ಡೆಯಲ್ಲಿರುವ ತನ್ನ ತಂಗಿಯನ್ನು ನೋಡದೆ ವರ್ಷಗಳೇ ಆಗಿದ್ದವು. ಒಂದೇ ಸಮನೆ ಕೂರಲಾರಳು, ಬಳ್ಳಿಗಾವಿಯಲ್ಲಿ ಗಾಡಿ ನಿಲ್ಲಿಸಿ ಮಧ್ಯಾಹ್ನ ತಂಪಿನಲ್ಲಿ ಮಲಗಿಸಬೇಕು. ನಿಂತಲ್ಲಿ ಎಸಿ ಓಡಲು ಜನರೇಟರ್ ಬೇಕು.

ಶಿಕಾರಿಪುರದ ವೀರಬಸಪ್ಪನ ಅಂಗಡಿಯಲ್ಲಿ ಎರಡಿದ್ದವು. ದೊಡ್ಡದು ಎಮ್ಮೆಯಂತಿತ್ತು. ಚಿಕ್ಕದು ಕೆಂಪಗೆ, ಹಗುರವಾಗಿ, ಮುದ್ದಾಗಿತ್ತು. ನಾನು ಚಿಕ್ಕದಕ್ಕೆ ಮರುಳಾದೆ.

"ಮಿಕ್ಸಿ ಹಾಕಿದ್ ಕೂಡ್ಲೇ ಲೈಟು ಮಂಕಾಗಲ್ವೇನ್ರಿ? ಎಸಿ ಶುರುವಾಗೋವಾಗ ಅದಕ್ಕಿಂತ ಜೋರು ಕರೆಂಟ್ ಎಳೀತೈತೆ. ದೊಡ್ಡದೇ ತಗೋರಿ" ಎಂದಳು ನೀಲಾಂಬಿಕ. "ಇಲ್ಲಾಂದ್ರೆ ಗಾಡಿ ಇಲ್ಲಿಗೇ ತಂದು ಹಚ್ಚಿ ನೋಡ್ರಿ."

"ಪೂಜೆ ಆಗದ ಮಿಷನ್ ಚಾಲೂ ಮಾಡೋದಾ? ಶಾಂತಂ ಪಾಪಂ!"

(ನಾನು ದೇವರ ಕೋಣೆಗೆ ಹೋಗುವುದು ಬೆಂಕಿಪೊಟ್ಟಣ ಹುಡುಕುವುದಕ್ಕೆ. ಅಂದು ಮಾತ್ರ ಭಕ್ತಿ ಉಕ್ಕಿ ಹರಿಯಿತು.)

ಚಿಕ್ಕದನ್ನೇ ಕೊಂಡು ತಂದೆ. ಸೋಮವಾರ ಬೆಳಿಗ್ಗೆ ಅದಕ್ಕೆ ವಿಭೂತಿ, ಕುಂಕುಮ, ಹೂವಿನ ಹಾರ, ತೆಂಗಿನಕಾಯಿ. ನೀಲಾಂಬಿಕ ಮಾತ್ರ, "ಮೇಲಿನ ಪ್ಲಾಸ್ಟಿಕ್ ತೆಗೀಬೇಡ್ರಿ, ಹೊಸದು ಕೊಳೆ ಆಗ್ತೈತೆ" ಎಂದಳು. ಟಿವಿ ರಿಮೋಟಿಗೂ ಕವರ್ ತೊಡಿಸುವವಳು, ಅವಳ ಸ್ವಭಾವವೇ ಅದು ಎಂದುಕೊಂಡು ಪ್ಲಾಸ್ಟಿಕ್ಕಿನ ಮೇಲೆಯೇ ಕುಂಕುಮ ಹಚ್ಚಿದೆ.

ದಾರ ಎಳೆದೆ. ಲೈಟು ಬಂತು, ಫ್ಯಾನು ತಿರುಗಿತು, ನನ್ನ ಮೀಸೆಯೂ ತಿರುಗಿತು. ಎಸಿ ಹಾಕಿದೆ. ಗುರ್ರ್... ಟಪ್! ಮತ್ತೆ ಎಳೆದೆ, ಮತ್ತೆ ಟಪ್. ಹೊಸ ಸೀರೆಯುಟ್ಟು ಮಂಚದ ಮೇಲೆ ಬೆವರುತ್ತಿದ್ದ ಅಮ್ಮ ಮೆಲ್ಲಗೆ ಕೈಚೀಲ ಎತ್ತಿಕೊಂಡಳು.

"ಇರ್ಲಿ ಬಿಡಪ್ಪ. ಫೋನಲ್ಲೇ ಮಾತಾಡ್ತೀನಿ ಅವಳ ಹತ್ರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಮಿಷನ್ ಹೊತ್ತು ಅಂಗಡಿಗೆ ಓಡಿದೆವು. ವೀರಬಸಪ್ಪ ತಲೆಯಾಡಿಸಿದ.

"ಕುಂಕುಮ ಬಿದ್ದ ಮಾಲು ವಾಪಸ್ ತಗಳಲ್ಲ ಅಣ್ಣಾರೆ. ಒಬ್ಬರ ಮನೇಲಿ ಪೂಜೆ ಆಗಿದ್ದನ್ನ ಇನ್ನೊಬ್ಬರು ಕೊಳ್ಳಲ್ಲ."

ನನ್ನ ಭಕ್ತಿಯೇ ನನಗೆ ಮುಳುವಾಗಿತ್ತು. ಆಗ ನೀಲಾಂಬಿಕ ಮುಂದೆ ಬಂದು, ಹಾರ, ವಿಭೂತಿ, ಕುಂಕುಮದ ಸಮೇತ ಪ್ಲಾಸ್ಟಿಕ್ಕನ್ನು ಸರ್ರನೆ ಎಳೆದಳು. ಒಳಗೆ ಮಿಷನ್ ಅಂಗಡಿಯಿಂದ ಬಂದಾಗಿನಂತೆಯೇ ಹೊಳೆಯುತ್ತಿತ್ತು!

ವೀರಬಸಪ್ಪ ನಕ್ಕುಬಿಟ್ಟ. "ಕುಂಕುಮ ತಾಗದಿದ್ರೆ ಬದಲಿಸಿ ಕೊಡ್ತೀನಿ ಅಂತ ಅಕ್ಕಾರಿಗೆ ನಿನ್ನೇನೇ ಫೋನಲ್ಲಿ ಹೇಳಿದ್ದೆ. ದೊಡ್ಡದು ಎತ್ತಿಟ್ಟೀನಿ ನೋಡ್ರಿ."

ಅಂದೇ ಮಧ್ಯಾಹ್ನ ಬಳ್ಳಿಗಾವಿಯಲ್ಲಿ ಎಮ್ಮೆ ಒಂದೇ ಎಳೆತಕ್ಕೆ ಎಸಿ ಎಬ್ಬಿಸಿತು. ಅಮ್ಮ ಹೊದ್ದು ಮಲಗಿ ಗೊರಕೆ ಹೊಡೆದಳು. ಸಂಜೆಗೆ ಕುಪ್ಪಗಡ್ಡೆಯಲ್ಲಿ ತಂಗಿಯ ಕೈ ಹಿಡಿಯುತ್ತಾಳಲ್ಲ ಎಂದು ನೆನೆದು ನನ್ನ ಕಣ್ಣು ತುಂಬಿತು. ಇಂಥ ಹೆಂಡತಿಯನ್ನು ಕೊಟ್ಟ ಮಾವನವರಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ.

ಮನಸ್ಸಿನಲ್ಲೇ ಏಕೆಂದರೆ ಕೆಳಗೆ ಮಣ್ಣು ಕಾದಿತ್ತು. ಹೊಗೆ ಒಳಗೆ ಬರಬಾರದೆಂದು ಜನರೇಟರನ್ನು ಗಾಡಿಯಿಂದ ದೂರ, ಬಿಸಿಲಲ್ಲಿ ಇಟ್ಟಿದ್ದೆವು. ಅದನ್ನು ಕಾಯಲು ಒಬ್ಬರು ಬೇಕಲ್ಲ?

ಕಿಟಕಿ ಒಂದಿಷ್ಟು ತೆರೆಯಿತು. ತಣ್ಣನೆಯ ಗಾಳಿಯ ಜೊತೆ ನೀಲಾಂಬಿಕಳ ಕೈ ಬಂತು, ಕೈಯಲ್ಲಿ ಅದೇ ಪ್ಲಾಸ್ಟಿಕ್.

"ಬಿಸಿಲೈತೆ, ತಲೆ ಮೇಲೆ ಹಾಕ್ಕೊಳ್ರಿ. ಅದನ್ನ ಹಾಸ್ಕೊಂಡು ಕೂತ್ಬಿಟ್ಟೀರಿ ಮತ್ತೆ, ಪೂಜೆ ಆಗೈತೆ!"