ಮಾವಿನ ತೋಪಿನ ನೊಣದ ಡಬ್ಬಿಗಳು

ಯುಗಾದಿ ಕರಿಯ ದಿನ ಪ್ರಯಾಣ ಹೊರಡಬಾರದು ಅಂತಾರೆ. ಶಾಲೆಗೆ ಕೈಮುಗಿದು ನಾನು ಮೊದಲ ಸಲ ಮನೆಯಿಂದ ಎದ್ದು ಹೋದದ್ದು ಅವತ್ತೇ. ಅದಕ್ಕೇ ಇರಬೇಕು, ಹೋದ ಕಡೆಯೆಲ್ಲ ನನಗೆ ಇಂಥ ಕೆಲಸಗಳೇ ಗಂಟುಬೀಳುತ್ತವೆ. ಎಂಬತ್ತನೇ ಇಸವಿಯ ಸುಮಾರಿಗೆ ಸಿಕ್ಕ ಕೆಲಸವಂತೂ ನೊಣ ಎಣಿಸುವುದು. ಮಾವಿನಕಾಯಿಗೆ ಚುಚ್ಚಿ ಮೊಟ್ಟೆಯಿಟ್ಟು ಹುಳ ಮಾಡುತ್ತದಲ್ಲ, ಆ ನೊಣ. ಮರಕ್ಕೆ ಡಬ್ಬಿ ಕಟ್ಟಿ ಒಳಗೆ ನೊಣ ಸೆಳೆಯುವ ವಾಸನೆ ಮದ್ದಿನ ಹತ್ತಿ ಇಡಬೇಕು. ವಾರಕ್ಕೊಮ್ಮೆ ಸತ್ತುಬಿದ್ದ ನೊಣ ಎಣಿಸಿ ತೋಟಗಾರಿಕೆ ಇಲಾಖೆಯ ಸಾಹೇಬರಿಗೆ ಹೇಳಬೇಕು. ನೊಣ ಹೆಚ್ಚಾದರೆ ಕಾಯಿ ಬೇಗ ಕೀಳಿಸುತ್ತಿದ್ದರು, ಇಲ್ಲದಿದ್ದರೆ ಬಲಿಯಲು ಬಿಡುತ್ತಿದ್ದರು.

ಸಂತೆ ಬಸ್ಸು

ಸಂತೇಬೆನ್ನೂರಿನ ಸಂತೆಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದ್ದಿನ ಸೀಸೆ ಸೋರಿ ನನ್ನ ಅಂಗಿ ನೆನೆದಿತ್ತು. ಯಾರದೋ ಮಾವಿನ ಬುಟ್ಟಿಯ ನೊಣಗಳೆಲ್ಲ ಎದ್ದು ಬಂದು ನನ್ನ ಬೆನ್ನಿಗೆ ಕೂತವು. ಪಕ್ಕದವರು ಸರಿದರು, ಅವರ ಪಕ್ಕದವರು ಎದ್ದೇ ಹೋದರು. ಕಂಡಕ್ಟರು ಮೂಗು ಹಿಡಿದು, "ಮೈ ತೊಳೆದು ಎಷ್ಟು ದಿನ ಆತು ಮಾರಾಯಾ?" ಅಂದ. ಖಾಲಿಯಾದ ಸೀಟಿನ ಮೇಲೆ ಕೆರೆಬಿಳಚಿಯವರೆಗೆ ಕಾಲು ಚಾಚಿ ಮಲಗಿ ಬಂದೆ. ಆಮೇಲೆ ಸಂತೆ ದಿನ ಬಂತೆಂದರೆ ಕಾಲರಿಗೆ ಒಂದು ತೊಟ್ಟು ಮದ್ದು ನಾನೇ ಹಚ್ಚಿಕೊಳ್ಳುತ್ತಿದ್ದೆ.

ಗಂಡು ನೊಣ

ಸವಳಂಗದ ತೋಪಿನಲ್ಲಿ ಯಜಮಾನನ ತಾಯಿ ನಾನು ಎಣಿಸುವುದನ್ನೇ ನೋಡುತ್ತ ಕೂತಿದ್ದಳು. ಈ ಡಬ್ಬಿಗೆ ಬೀಳುವುದು ಬರೀ ಗಂಡು ನೊಣ ಅಂದೆ. ಹೆಣ್ಣು ಎಲ್ಲಿರ್ತಾವೆ ಅಂತ ಕೇಳಿದಳು. ಕಾಯಿಯ ಮೇಲೆ, ಮೊಟ್ಟೆ ಇಡೋ ಕೆಲಸದಲ್ಲಿ ಅಂದೆ.

ಅಜ್ಜಿ ಮರದಡಿ ಇಸ್ಪೀಟು ಆಡುತ್ತಿದ್ದ ಮಗನ ಕಡೆ ತಿರುಗಿದಳು. "ಕೇಳಿದೇನಲೇ? ಹೆಂಡ್ರು ದುಡಿತಾ ಅದಾರೆ, ಇವ್ರು ವಾಸ್ನೆ ಹಿಡ್ಕಂಡು ಹೋಗಿ ಡಬ್ಬಿಗೆ ಬಿದ್ದಾರೆ."

ಭಾವನ ನೊಣ

ಹೊನ್ನಾಳಿ ಹತ್ತಿರ ಒಂದೇ ಬೇಲಿಯ ಆಚೀಚೆ ಭಾವ-ಮೈದುನರ ತೋಪು. ಒಮ್ಮೆ ಸಾಹೇಬರು ಭಾವನ ಡಬ್ಬಿ ನೋಡಿ, ಪರವಾಗಿಲ್ಲ, ಚೆನ್ನಾಗಿ ಬಿದ್ದಾವೆ ಅಂದುಬಿಟ್ಟರು. ಮೈದುನನ ಡಬ್ಬಿಯಲ್ಲಿ ನಾಕಾರು ನೊಣ. ನೊಣ ಹೆಚ್ಚಿದ್ದಷ್ಟೂ ಹೆಚ್ಚುಗಾರಿಕೆ ಅಂದುಕೊಂಡ ಅವನ ಮುಖ ಸಣ್ಣದಾಯಿತು.

ಮುಂದಿನ ವಾರ ಅವನ ಡಬ್ಬಿ ತುಂಬಿ ತುಳುಕುತ್ತಿತ್ತು. ಹೊಗಳಲಿ ಅಂತ ಹೆಗಲಿಗೆ ಟವೆಲ್ಲು ಹಾಕಿ ಎದೆಯುಬ್ಬಿಸಿ ನಿಂತಿದ್ದ. ಸಾಹೇಬರು ಗಾಬರಿಯಾಗಿ, ಇವತ್ತೇ ತೋಪೆಲ್ಲ ಕೀಳಿಸಿ ಅಂದರು. ಇನ್ನೂ ಎಳೆಗಾಯಿ. ಆಳುಗಳು ಮರ ಹತ್ತಿದರು. ಮೊದಲ ಕಾಯಿ ಬಿದ್ದ ಸದ್ದಿಗೆ ಮೈದುನ ಕೈಮುಗಿದ. "ನಿಲ್ಲಿಸ್ರಿ ಸ್ವಾಮಿ. ಆ ನೊಣ ನಮ್ಮವಲ್ಲ, ಭಾವನವು."

ಬೇಲಿಯ ಆಚೆಯಿಂದ ಭಾವ ಕೇಳಿಸಿಕೊಂಡ. "ಅದಕ್ಕೇ ಏನಲೇ ನನ್ ಡಬ್ಬಿ ಖಾಲಿ? ನೊಣ ಹೋದ್ವು ಅಂತ ಕಾಯಿ ಕೀಳೋರ್ನ ವಾಪಸ್ ಕಳಿಸೀನಲ್ಲೋ."

ಭಾವನ ಕಾಯಿ ಬಲಿತು ನಿಂತಿದ್ದವು. ಆಳುಗಳು ಇಳಿದು ಬೇಲಿ ಹಾರಿದರು. ಎಲ್ಲರಿಗಿಂತ ಮೊದಲು ಹಾರಿದವನು ಮೈದುನ. ಸಂಜೆಯೊಳಗೆ ಹುಳ ಬೀಳದೆ ಭಾವನ ಫಸಲು ಬುಟ್ಟಿ ಸೇರಿತು.

ಸಾಹೇಬರು ನನಗೆ, ಇನ್ನು ಊರೂರು ಸುತ್ತೋದು ಬೇಡ, ಡಬ್ಬಿ ಕೆಳಗೇ ಕೂತು ಕಾಯ್ತಾ ಇರು, ನೊಣ ಕಳುವಾಗಬಾರದು ಅಂದರು. ಸತ್ತ ನೊಣಕ್ಕೆ ಕಾವಲು! ಕೆಲಸ ಬಿಟ್ಟು ಜಗಳೂರಿನ ಬಸ್ಸು ಹಿಡಿಯೋಣವೆಂದು ಗಂಟು ಕಟ್ಟತೊಡಗಿದೆ. ಭಾವ ಬಂದು ಪಕ್ಕದಲ್ಲಿ ಕೂತ.

"ಹೋಗೋ ಮುಂಚೆ ಆ ಗಂಟು ಒಂಚೂರು ಬಿಚ್ಚಪ್ಪ," ಅಂದ. "ನೊಣದ ವಿಷಯದಾಗೆ ನಾನು ಇನ್ನು ಯಾರನ್ನೂ ನಂಬಾಕಿಲ್ಲ."