ಎರಡು ಸಲ ಗುಣಿಸಿದ ಮೇಷ್ಟ್ರು

ಕ್ಯಾಲೊರಿಯನ್ನು ಜೂಲ್‌ಗೆ ತಿರುಗಿಸಲು ನಾಲ್ಕು ಪಾಯಿಂಟ್ ಎರಡರಿಂದ ಒಂದು ಸಲ ಗುಣಿಸಿದರೆ ಸಾಕು. ಎರಡು ಸಲ ಗುಣಿಸಿದರೆ ಏನಾಗುತ್ತದೆ ಎಂಬುದು ಲ್ಯಾಬ್ ಮೇಷ್ಟ್ರಿಗೆ ತಿಳಿದದ್ದು ಭಾನುವಾರ ಬೆಳಿಗ್ಗೆ, ಮೇಲಿನ ಮನೆಯ ದರ್ಜಿ ಬಚ್ಚಲಿನಿಂದ "ಅಯ್ಯಯ್ಯೋ, ಬೆಂದೆ!" ಎಂದು ಅರಚಿಕೊಂಡಾಗ.

ಕಟ್ಟಡದ ಎಲ್ಲ ಮನೆಗಳಿಗೂ ಸೇರಿಸಿ ತಾರಸಿಯ ಮೇಲೆ ಬಿಸಿನೀರಿನ ಹೊಸ ಟ್ಯಾಂಕು ಕೂರಿಸಿದ್ದರು. ಅದಕ್ಕೆ ಎಷ್ಟು ದೊಡ್ಡ ಹೀಟರ್ ಬೇಕೆಂದು ಕೇಳಲು ಸಂಘದ ಕಾರ್ಯದರ್ಶಿ ಹೋದ ವಾರ ಮೇಷ್ಟ್ರ ಮನೆಗೆ ಬಂದಿದ್ದರು. ಮೇಷ್ಟ್ರಿಗೆ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಕೆಲಸ; ಮನೆಯಲ್ಲಿ ಒಬ್ಬರೇ. ಆ ಬಾಗಿಲನ್ನು ಪೇಪರಿನವನೂ ತಟ್ಟುತ್ತಿರಲಿಲ್ಲ, ಪೇಪರ್ ಎಸೆದು ಹೋಗುತ್ತಿದ್ದ. ಅಂಥದ್ದರಲ್ಲಿ ಇನ್ನೊಬ್ಬ ಮನುಷ್ಯ ಎದುರಿಗೆ ಕೂತು ನೀರು ಕುಡಿದರೆ ತಲೆ ನೆಟ್ಟಗಿರುತ್ತದೆಯೇ?

ಮೇಷ್ಟ್ರ ಹಳೆಯ ಪುಸ್ತಕದಲ್ಲಿ ನೀರಿನ ವಿಶಿಷ್ಟ ಉಷ್ಣ ಕ್ಯಾಲೊರಿಯಲ್ಲಿತ್ತು: ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು ಒಂದು ಕ್ಯಾಲೊರಿ. ಅದನ್ನು ಜೂಲ್‌ಗೆ ತಿರುಗಿಸಿದರು. ಅಷ್ಟರಲ್ಲಿ ಕಾರ್ಯದರ್ಶಿ, "ಮನೆ ಎಷ್ಟು ಚೊಕ್ಕವಾಗಿ ಇಟ್ಕೊಂಡಿದೀರಿ!" ಎಂದರು. ಆ ಖುಷಿಯಲ್ಲಿ ಮೇಷ್ಟ್ರು, ತಿರುಗಿಸಿದ್ದು ಮರೆತು, ಅದನ್ನೇ ಇನ್ನೊಮ್ಮೆ ತಿರುಗಿಸಿಬಿಟ್ಟರು. ಲೆಕ್ಕದಲ್ಲಿ ಹೀಟರ್ ನಾಲ್ಕು ಪಟ್ಟು ದೊಡ್ಡದಾಯಿತು.

ಈಗ ದರ್ಜಿಯ ಕೂಗು ಕೇಳಿ ಲೆಕ್ಕವನ್ನು ಹೊಸದಾಗಿ ಮಾಡಿ ನೋಡಿದರು. ಎರಡು ಸಲ ಗುಣಿಸಿದ್ದು ಸಿಕ್ಕಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಧಡಧಡ ಸದ್ದಾಯಿತು.

"ಮೇಷ್ಟ್ರೇ, ನೋಡ್ರೀ ನನ್ನ ಕೈ! ನಾಳೆ ಕತ್ತರಿ ಹೆಂಗ್ರೀ ಹಿಡೀಲಿ?" ದರ್ಜಿ ಟೊಮೇಟೊ ಬಣ್ಣದ ಕೈ ಚಾಚಿದ. ಅವನ ಹಿಂದೆ ಕೆಳಮನೆ ಅಜ್ಜಿ, ಅಜ್ಜಿಯ ಹಿಂದೆ ಬ್ಯಾಂಕಿನಲ್ಲಿ ಕೆಲಸ ಮಾಡುವ ನೆರೆಯವರು, ಕೊನೆಗೆ ಕಾರ್ಯದರ್ಶಿ.

"ಲೆಕ್ಕ ಹಾಕಿದ್ದು ಇವರೇ. ನಾನೇ ಎದುರಿಗೆ ಕೂತಿದ್ದೆ," ಎಂದರು ಕಾರ್ಯದರ್ಶಿ, ಸಾಕ್ಷಿ ಹೇಳುವವರ ಹಾಗೆ.

ಮೇಷ್ಟ್ರು ದರ್ಜಿಯ ಕೈಗೆ ಮುಲಾಮು ಹಚ್ಚಿದರು. ಇದ್ದೊಂದು ಕುರ್ಚಿ ಅಜ್ಜಿಗೆ ಹೋಯಿತು, ಉಳಿದವರು ಮಂಚದ ಮೇಲೆ ಸಾಲಾಗಿ ಕೂತರು. ಮೇಷ್ಟ್ರು ಚಹಾಕ್ಕಿಟ್ಟರು. ಲೋಟ ಸಾಲದೆ ಲ್ಯಾಬಿನಿಂದ ತಂದಿಟ್ಟಿದ್ದ ಹೊಸ ಬೀಕರುಗಳಲ್ಲಿ ಕೊಟ್ಟರು.

"ಇನ್ನೂರ ಎಪ್ಪತ್ತಮೂರು ಕೂಡಿಸೋದು ಮರೆತಿದೀರಿ. ನನ್ನ ಮಗಳು ಫಿಸಿಕ್ಸ್ ಲೆಕ್ಕದಲ್ಲಿ ಎಲ್ಲದಕ್ಕೂ ಕೂಡಿಸ್ತಾಳೆ," ಎಂದರು ಬ್ಯಾಂಕಿನವರು, ಮೇಷ್ಟ್ರ ಲೆಕ್ಕದ ಹಾಳೆ ನೋಡುತ್ತ.

"ಅದು ಸೆಲ್ಸಿಯಸನ್ನ ಕೆಲ್ವಿನ್ ಮಾಡೋಕೆ, ಇಲ್ಲಿ ಕೂಡಿಸಬಾರದು ಸಾರ್. ಸೆಲ್ಸಿಯಸ್‌ನಲ್ಲಿ ಒಂದು ಡಿಗ್ರಿ ಏರಿದ್ರೂ, ಕೆಲ್ವಿನ್‌ನಲ್ಲಿ ಒಂದು ಏರಿದ್ರೂ ಎರಡೂ ಅಷ್ಟೇ. ನಾನು ಎಡವಿದ್ದು ಜೂಲ್ ಹತ್ರ."

"ಆ ಜೂಲ್ ಅನ್ನೋನು ಯಾವ ಮಹಡೀಲಿರೋದು?" ಅಜ್ಜಿ ಗದರಿದರು. "ಅವನನ್ನೂ ಕರೀರಿ ಇಲ್ಲಿಗೆ!"

ಎಲ್ಲರೂ ನಕ್ಕರು. ಆ ಕೋಣೆಯಲ್ಲಿ ಇಷ್ಟು ಜನ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಮೇಷ್ಟ್ರು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಬೈಯುವುದಕ್ಕಾದರೂ ಬಂದರಲ್ಲ! ದಿನಾ ಯಾರೂ ಬರದೆ ಇರುವುದಕ್ಕಿಂತ ಇದು ಸಾವಿರ ಪಾಲು ವಾಸಿ ಎನಿಸಿತು.

"ತಪ್ಪು ನನ್ನದೇ. ಎರಡು ಸಲ ಗುಣಿಸಿಬಿಟ್ಟೆ," ಎಂದು ಒಪ್ಪಿಕೊಂಡರು.

"ಒಪ್ಕೊಂಡ್ರೆ ಆಯ್ತಾ?" ಕಾರ್ಯದರ್ಶಿ ಬೀಕರ್ ಕೆಳಗಿಟ್ಟರು. "ಇದು ಸರಿಹೋಗೋವರೆಗೂ ಪ್ರತಿ ಭಾನುವಾರ ನಾವೆಲ್ಲ ಇಲ್ಲೇ ಬಂದು ಕೂರೋರೇ!"

"ಖಂಡಿತ ಬನ್ನಿ. ಇನ್ನೆರಡು ಕುರ್ಚಿ ತರಿಸ್ತೀನಿ." ಇಷ್ಟು ಉತ್ಸಾಹದಿಂದ ಶಿಕ್ಷೆ ಒಪ್ಪಿಕೊಂಡ ಅಪರಾಧಿಯನ್ನು ಅವರಾರೂ ಕಂಡಿರಲಿಲ್ಲ.

ಅಷ್ಟರಲ್ಲಿ, ಕಾರ್ಯದರ್ಶಿ ಕರೆಸಿದ್ದ ಎಲೆಕ್ಟ್ರಿಷಿಯನ್ ತಾರಸಿಯಿಂದ ಕೈ ಒರೆಸಿಕೊಳ್ಳುತ್ತ ಇಳಿದು ಬಂದ. "ಥರ್ಮೋಸ್ಟ್ಯಾಟ್ ಕೈಕೊಟ್ಟಿತ್ತು ಸಾರ್. ನೀರು ಕಾದ ಮೇಲೂ ಕರೆಂಟ್ ನಿಲ್ಲಿಸ್ತಿರಲಿಲ್ಲ. ಬೇರೆ ಹಾಕಿದೀನಿ."

"ಅದಲ್ಲಪ್ಪ," ಮೇಷ್ಟ್ರು ತಡೆದರು. "ಹೀಟರೇ ದೊಡ್ಡದಾಗಿದೆ. ನನ್ನ ಲೆಕ್ಕ ತಪ್ಪಿದೆ."

"ಯಾವ ಲೆಕ್ಕ? ನನಗ್ಯಾರೂ ಲೆಕ್ಕ ಕೊಟ್ಟಿಲ್ಲ. ಇಂಥ ಟ್ಯಾಂಕಿಗೆ ಎಲ್ಲ ಕಡೆ ಹಾಕೋ ಹೀಟರೇ ಇಲ್ಲೂ ಹಾಕಿದೀನಿ."

ಕಾರ್ಯದರ್ಶಿ ಹಣೆ ಚಚ್ಚಿಕೊಂಡರು. "ಅಯ್ಯೋ, ನಿಮ್ಮ ಲೆಕ್ಕ ಇವನಿಗೆ ಹೇಳೋದೇ ಮರೆತಿದ್ದೆ! ಸುಮ್ನೆ ನಿಮ್ಮ ಮೇಲೆ ಹಾರಾಡಿದ್ವಿ. ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಇನ್ನು ಯಾರೂ ನಿಮಗೆ ತೊಂದ್ರೆ ಕೊಡಲ್ಲ."

ಎಲ್ಲರೂ ಧಡಬಡ ಎದ್ದರು. ಬ್ಯಾಂಕಿನವರು ಕೈ ಮುಗಿದರು, ದರ್ಜಿ ಅರ್ಧ ಕುಡಿದ ಚಹಾ ಬಿಟ್ಟು ಹೊರಟ.

ಮೇಷ್ಟ್ರು ಮೆಟ್ಟಿಲವರೆಗೆ ಅವರ ಹಿಂದೆ ಓಡಿದರು. "ನಿಲ್ಲಿ, ನಿಲ್ಲಿ! ನಿಜವಾಗ್ಲೂ ತಪ್ಪು ಮಾಡಿದೀನಿ! ಬೇಕಾದ್ರೆ ಬಂದು ನೋಡಿ, ಎರಡು ಸಲ ಗುಣಿಸಿದೀನಿ!"

"ಎಂಥಾ ದೊಡ್ಡ ಮನಸ್ಸು ನೋಡು," ಎಂದರು ಅಜ್ಜಿ, ದರ್ಜಿಯ ಹೆಗಲು ಹಿಡಿದು ಇಳಿಯುತ್ತ. "ಪಾಪ, ತಪ್ಪಿಲ್ಲದಿದ್ರೂ ತನ್ನದೇ ಅಂತಾರೆ. ಇಂಥೋರ ತಂಟೆಗೆ ನಾವು ಹೋಗಲೇಬಾರದು."

ಕೆಳಗೂ ಮೇಲೂ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಮೇಷ್ಟ್ರು ಒಳಗೆ ಬಂದು ಬೀಕರುಗಳನ್ನು ತೊಳೆಯತೊಡಗಿದರು. ನಲ್ಲಿಯಲ್ಲಿ ನೀರು ಹದವಾಗಿ, ಯಾರೂ ಬಂದು ದೂರು ಹೇಳದಷ್ಟು ಸರಿಯಾಗಿ ಬರುತ್ತಿತ್ತು.