ಹಡಗಲಿಗೆ ಹೋಗಿಬಂದ ನೋಟ್‌ಬುಕ್ಕು

ಬಾಗಳಿಯ ಕಲ್ಯಾಣಮ್ಮ ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಧರಿಸಿ, ಕಲ್ಲೇಶ್ವರನ ಗುಡಿಯತ್ತ ಕೈಮುಗಿದು, ಚಹಾಕ್ಕೆ ನೀರಿಡುವ ಮುಂಚೆ ನೋಟ್‌ಬುಕ್ಕಿನಲ್ಲಿ ಒಂದು ಇಂಗ್ಲಿಷ್ ಪದ ಬರೆಯುತ್ತಿದ್ದಳು. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. (ಚಹಾ ತಡವಾದದ್ದಕ್ಕೆ ಗಂಡ ಮರುಳಪ್ಪನೇ ಸಾಕ್ಷಿ.) ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನವರೆಗೆ. ಇಂಗ್ಲಿಷ್ ಕಲಿಸಿದ ಗುರುಗಳೆಂದರೆ ಬಿಸ್ಕತ್ತಿನ ಪೊಟ್ಟಣ, ಗೊಬ್ಬರದ ಚೀಲ, ಬಸ್ಸಿನ ಬೋರ್ಡು.

ಕೊಟ್ಟೂರಿನ ಮಹಿಳಾ ಸಂಘದವರು ದಿನಬಳಕೆಯ ಒಂದು ಇಂಗ್ಲಿಷ್ ಪದದ ಬಗ್ಗೆ ಭಾಷಣಕ್ಕೆ ಕರೆದಾಗ ಅವಳು ಆರಿಸಿದ್ದು ‘ಅಡ್ಜಸ್ಟ್’. ತಿಂಗಳಿಡೀ ಊರಿಗೆ ಕಿವಿಗೊಟ್ಟು ಇಪ್ಪತ್ತೊಂದು ಬಳಕೆ ಕೂಡಿಹಾಕಿದಳು. ಮೆಕ್ಯಾನಿಕ್ ಮಾಬುಸಾಬ್ ಬ್ರೇಕು ಅಡ್ಜಸ್ಟ್ ಮಾಡುತ್ತಿದ್ದ. ಟೈಲರ್ ಶಬ್ನಮ್ ಬಿಗಿಯಾದ ಜಂಪರು ಕೊಟ್ಟು, “ನಾಕು ಸಲ ಹಾಕ್ಕೊಳ್ರಿ, ಅಡ್ಜಸ್ಟ್ ಆಗ್ತೈತಿ” ಎನ್ನುತ್ತಿದ್ದಳು. ನಾದಿನಿ ವಾಣಿಶ್ರೀ ಉಪ್ಪು ಹೆಚ್ಚಾದ ಸಾರು ಬಡಿಸಿ, “ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ರಿ” ಎಂದಿದ್ದಳು. ಮದುವೆ ಮಾತುಕತೆಗಳಲ್ಲಿ ‘ಹುಡುಗಿ ಅಡ್ಜಸ್ಟ್ ಆಗ್ತಾಳ’ ಎಂದು ಹತ್ತಾರು ಸಲ ಕೇಳಿದ್ದಳು. ‘ಹುಡುಗ ಆಗ್ತಾನ’ ಎಂದದ್ದು ಮಾತ್ರ ಕಿವಿಗೆ ಬಿದ್ದಿರಲಿಲ್ಲ. ಅದಕ್ಕೆಂದೇ ಒಂದು ಪುಟ ಖಾಲಿ ಬಿಟ್ಟಿದ್ದಳು.

ಭಾಷಣದ ದಿನ ಗಂಡಹೆಂಡತಿ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕೊಟ್ಟೂರು ಬಸ್ಸಿಗೆ ಕಾದರು. ಒಂದು ಬಸ್ಸು ಬಂದದ್ದೇ ತಡ, ಕಿಟಕಿಯೊಳಗೆ ಟವೆಲ್ಲು, ಚೀಲ, ಕರವಸ್ತ್ರಗಳ ಪುಷ್ಪವೃಷ್ಟಿ. ಏನಾದರೂ ಬಿದ್ದ ಸೀಟು ಬಿಸಾಕಿದವರದು. ಇದು ಇಲ್ಲಿಯ ಕಾಯಿದೆ.

“ಕಿಟಕ್ಯಾಗ ಟವೆಲ್ಲು ಒಗೀರಿ!” ಎಂದು ಕಲ್ಯಾಣಮ್ಮ ಗಂಡನನ್ನು ಅವಸರಿಸಿದಳು.

“ಮನ್ಯಾಗ ಬಿಟ್ಟು ಬಂದೀನಿ. ಲೇ, ತಡಿ, ಕಂಡಕ್ಟರ್ ಹಡಗಲಿ, ಹಡಗಲಿ ಅನ್ನಾಕತ್ಯಾನ.”

“ಬೋರ್ಡಿನ್ಯಾಗ ಕೊಟ್ಟೂರು ಅಂತ ಐತ್ರಿ, ಇಂಗ್ಲಿಷಿನ್ಯಾಗ! ಓದಾಕ ಬರೋದು ನಿಮಗೋ, ನನಗೋ?”

ಎಂದವಳೇ ನೋಟ್‌ಬುಕ್ಕನ್ನು ಕಿಟಕಿಯೊಳಗೆ ಬಿಸಾಕಿದಳು. ಬೋರ್ಡು ಹಿಂದಿನ ಟ್ರಿಪ್ಪಿನದು. ತಿರುವಿ ಹಾಕುವುದನ್ನು ಡ್ರೈವರ್ ಮರೆತಿದ್ದ. ನೂಕುನುಗ್ಗಲಿನಲ್ಲಿ ಅವಳು ಬಾಗಿಲು ಮುಟ್ಟುವಷ್ಟರಲ್ಲಿ ಬಸ್ಸು ಹಡಗಲಿಯತ್ತ ಹೊರಟೇಹೋಯಿತು. ನೋಟ್‌ಬುಕ್ಕಿಗೆ ಸೀಟು ಸಿಕ್ಕಿತ್ತು, ಅದೂ ಕಿಟಕಿ ಪಕ್ಕ.

“ಭಾಷಣ?” ಎಂದ ಮರುಳಪ್ಪ ಮೆಲ್ಲಗೆ.

“ಕೇಳಿದ್ದು ಕಿವಿಯಾಗ ಐತಿ. ನಡೀರಿ.”

ಕೊಟ್ಟೂರಿನಲ್ಲಿ ಅವಳು ಬರಿಗೈಲೇ ವೇದಿಕೆ ಹತ್ತಿದಳು. ಕಲ್ಲೇಶ್ವರನನ್ನು ನೆನೆದು ಶುರುಮಾಡಿದರೆ ಇಪ್ಪತ್ತೊಂದರಲ್ಲಿ ಇಪ್ಪತ್ತು ತಾವಾಗಿಯೇ ಬಂದವು. ಕೊನೆಗೆ, “ಈ ಮಾತನ್ನ ಎಲ್ಲಾರೂ ಇನ್ನೊಬ್ಬರಿಗೆ ಹೇಳ್ತಾರ್ರಿ. ತನಗ ತಾನು ಹೇಳಿಕೊಂಡೋರನ್ನ ನಾನಿನ್ನೂ ನೋಡಿಲ್ಲ!” ಎಂದಳು. ಚಪ್ಪಾಳೆಯೋ ಚಪ್ಪಾಳೆ. ಶಾಲು ಹೊದಿಸಿದರು. ಬಿಸಿಲಿದ್ದರೂ ಅವಳು ಅದನ್ನು ತೆಗೆಯಲಿಲ್ಲ.

ಸಂಜೆ ಹರಪನಹಳ್ಳಿಗೆ ಮರಳಿದಾಗ ಹಡಗಲಿ ಬಸ್ಸಿನ ಕಂಡಕ್ಟರ್ ಭೀಮರಾಜ ಕಾಯುತ್ತಿದ್ದ. ನೋಟ್‌ಬುಕ್ಕಿನ ಮೇಲಿದ್ದ ನಂಬರಿಗೆ ಮಧ್ಯಾಹ್ನವೇ ಫೋನು ಮಾಡಿದ್ದ.

“ನಿಮ್ಮ ಬುಕ್ಕು ಭಾಳ ಖಡಕ್ ಐತ್ರಿ ಅಕ್ಕಾರೆ! ಹಡಗಲಿ ಮಟ ಆ ಸೀಟಿಗೆ ಒಬ್ರೂ ಕುಂದರಲಿಲ್ಲ. ನಾನು ತಗಿಯಾಕ ಹೋದ್ರ, ‘ಯಾರೋ ಮೇಡಂ ಸೀಟು ಹಿಡದಾರ, ಬರ್ತಾರ’ ಅಂತ ಮಂದಿ ಬಿಡಲಿಲ್ಲ. ಕರಿಯಕ್ಕ ಅಂತ ವಯಸ್ಸಾದಾಕಿ, ಮಣಕಾಲು ನೋವು, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೆಪ್ಪಾ’ ಅನಕೊಂತ ಅದರ ಬಾಜೂಕ ನಿಂತ್ಕೊಂಡೇ ಬಂದ್ಲು.”

ಕಲ್ಯಾಣಮ್ಮ ನೋಟ್‌ಬುಕ್ಕನ್ನು ತೆಗೆದುಕೊಂಡಳು. ಶಾಲು ಒಮ್ಮೆಲೇ ಸೆಕೆಯಾಗತೊಡಗಿತು.

ಬಾಗಳಿ ಬಸ್ಸು ಬಂತು. ಮರುಳಪ್ಪ ಬೆಳಗಿನ ತಪ್ಪು ತಿದ್ದಿಕೊಳ್ಳುವ ಹುರುಪಿನಲ್ಲಿ ಕೈಚಾಚಿದ. “ಆ ಶಾಲು ಇಲ್ಲಿ ಕೊಡು, ಕಿಟಕ್ಯಾಗ ಒಗದು ನಿನಗೊಂದು ಸೀಟು ಹಿಡೀತೀನಿ. ಸನ್ಮಾನ ಮಾಡಿಸ್ಕೊಂಡಾಕಿ ನಿಂತು ಬಂದ್ರ ಚಂದ ಕಾಣ್ತೈತೇನು?”

ಅವಳು ಶಾಲು ಮಡಚಿ, ನೋಟ್‌ಬುಕ್ಕಿನ ಜೊತೆ ಕಂಕುಳಲ್ಲಿ ಬಿಗಿಯಾಗಿ ಹಿಡಿದಳು.

“ಬ್ಯಾಡ್ರಿ. ನಾನು ಬಾಗಳಿ ಮಟ ನಿಂತೇ ಬರ್ತೀನಿ.”